ಪೇಪರಿನಲ್ಲಿ ಬಂದ ಮುಖ

ನನ್ನ ಚೀಲದಲ್ಲಿ ಪೆನ್ನು ಇರಬೇಕಾದ ಕಿಸೆಯಲ್ಲಿ ಎರಡು ತಿಂಗಳಿಂದ ಒಂದು ನೀಲಿ ಇಯರ್‌ಫೋನ್ ಇದೆ. ಅದರ ಬಲಗಿವಿ ಮಾತ್ರ ಹಾಡುತ್ತದೆ. ಎಡಗಿವಿ ಸುಮ್ಮನೆ ಕೂತಿರುತ್ತದೆ, ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ನಾನು ಕೂತಿರುವ ಹಾಗೆ. ಅದು ನನ್ನದಲ್ಲ, ನನ್ನ ಅಕ್ಕನ ಮಗಳು ಪವಿತ್ರಳದು. ಅವಳು ಪಿಯುಸಿ ಓದುವ ಹುಡುಗಿ. ಒಂದು ದಿನ ಸ್ಟೇಜು ಹತ್ತುವ ಮೊದಲು ಅದನ್ನು ನನ್ನ ಕೈಗೆ ತುರುಕಿ ಹೋದವಳು ವಾಪಸು ಕೇಳಿಲ್ಲ. ನಾನೂ ಕೊಟ್ಟಿಲ್ಲ. ಪೆನ್ನು ಹುಡುಕಿದಾಗಲೆಲ್ಲ ವೈರು ಬೆರಳಿಗೆ ಸುತ್ತಿಕೊಳ್ಳುತ್ತದೆ, ಆ ಬೆಳಿಗ್ಗೆಯೂ ಜೊತೆಯಲ್ಲಿ ಬರುತ್ತದೆ.

ಬಂಗಾರಪೇಟೆಯಲ್ಲಿ ನನ್ನ ಮನೆ. ಕೋಲಾರದಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ಪುಟಗಳನ್ನು ನೋಡಿಕೊಳ್ಳುವುದು ಕೆಲಸ. ಹೆಸರು ಸರಿಯಿದೆಯೇ, ಇನಿಷಿಯಲ್ ಸರಿಯಿದೆಯೇ, ಬೂದಿಕೋಟೆ ಹೋಬಳಿಯೋ ಕಾಮಸಮುದ್ರ ಹೋಬಳಿಯೋ, ಇವೇ ನನ್ನ ದಿನ. ತಪ್ಪಾದರೆ ಮರುದಿನ ಪುಟದ ಮೂಲೆಯಲ್ಲಿ ಎರಡು ಸಾಲು ತಿದ್ದುಪಡಿ ಹಾಕುತ್ತೇವೆ. ತೀರಿಕೊಂಡವರ ವಯಸ್ಸಿಗೆ ಹಾಕಿದ್ದೇನೆ, ಕುರಿ ಸಂತೆಯ ವಾರಕ್ಕೆ ಹಾಕಿದ್ದೇನೆ. ಒಂದು ಮುಖಕ್ಕೆ ತಿದ್ದುಪಡಿ ಹಾಕಬೇಕಾಗುತ್ತದೆ ಎಂದು ಮಾತ್ರ ಯಾವತ್ತೂ ಅಂದುಕೊಂಡಿರಲಿಲ್ಲ.

ಮುಖದ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಆದದ್ದು ಸೈಕಲ್ಲಿನ ಮೇಲೆ. ನಮ್ಮಪ್ಪ ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನುಗಳಿಗೆ ಹಾಲು ಹಾಕುತ್ತಿದ್ದ. ಗಣಿ ಆಗ ಇನ್ನೂ ನಡೆಯುತ್ತಿತ್ತು. ಹಿಂದೆ ಎರಡು ಕ್ಯಾನು, ಮುಂದಿನ ಬಾರ್ ಮೇಲೆ ಭಾನುವಾರ ಮಾತ್ರ ನಾನು. ಲೈನಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಮೊದಲ ಮನೆಯಲ್ಲಿ ತಮಿಳು ರೇಡಿಯೊ, ನಾಲ್ಕನೆಯದರಲ್ಲಿ ತೆಲುಗು, ಆಚೆ ಕೊನೆಯಲ್ಲಿ ಕನ್ನಡ. ಅಪ್ಪನಿಗೆ ಮೂರೂ ಬರುತ್ತಿತ್ತು, ಮೂರರಲ್ಲೂ ಹಾಲಿಗೆ ನೀರು ಹಾಕಿಲ್ಲ ಎಂದು ಆಣೆ ಮಾಡುತ್ತಿದ್ದ. ನಾನು ಹಾಡು ಕೇಳುತ್ತಿದ್ದೆ. ಭಾಷೆ ಮೂರಾದರೂ ಹಾಡಿನಲ್ಲಿ ಬರುವ ಹುಡುಗಿಯ ಬಣ್ಣ ಒಂದೇ ಇತ್ತು. ಹಾಲಿನಂಥವಳು, ಬೆಳದಿಂಗಳಿನಂಥವಳು. ಬೆಳದಿಂಗಳು ನನ್ನ ಕೈಗೆ ಸಿಗುವಂಥದ್ದಲ್ಲ, ಹಾಲು ಕ್ಯಾನಿನಲ್ಲೇ ಇತ್ತು. ಅಪ್ಪ ಪಾವಿನಲ್ಲಿ ಅಳೆದು ಸುರಿಯುವಾಗ ನನ್ನ ಮೊಣಕೈಯನ್ನು ಪಕ್ಕಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದೆ. ನಮ್ಮ ಎಮ್ಮೆ ನನಗಿಂತ ಎಷ್ಟೋ ಕಪ್ಪು, ಅದರ ಹಾಲೇ ಬೆಳ್ಳಗಿದೆ, ಒಳಗೆಲ್ಲೋ ನನಗೂ ಆ ಬಿಳುಪು ಇರಬೇಕು ಎಂದು ಲೆಕ್ಕ ಹಾಕಿ ಒಂದು ಬೇಸಿಗೆಯಿಡೀ ಕೆನೆ ಹಚ್ಚಿಕೊಂಡೆ. ಆದದ್ದು ಇಷ್ಟೇ, ಮನೆಯ ಬೆಕ್ಕು ನನ್ನನ್ನು ಬಿಟ್ಟಿರಲಾರದಾಯಿತು.

ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿಗೆ ಫೋಟೋ ಬೇಕಾದಾಗ ಬಂಗಾರಪೇಟೆಯ ಸ್ಟುಡಿಯೊಗೆ ಕರೆದುಕೊಂಡು ಹೋದರು. ಅಲ್ಲಿ ಕನ್ನಡಿಯ ಕೆಳಗೆ ದಾರ ಕಟ್ಟಿದ ಬಾಚಣಿಗೆ, ಪಕ್ಕದಲ್ಲಿ ಊರಿಗೆಲ್ಲ ಒಂದೇ ಪೌಡರ್ ಡಬ್ಬಿ. ಸ್ಟುಡಿಯೊದವರು ನನ್ನನ್ನು ಒಮ್ಮೆ ನೋಡಿ, ಕೇಳದೆಯೇ ಎರಡು ಸಲ ಮೆತ್ತಿದರು. ಪರೀಕ್ಷೆಯ ದಿನ ಕೊಠಡಿಯ ಮೇಷ್ಟ್ರು ಹಾಲ್‌ಟಿಕೆಟ್ಟನ್ನೂ ನನ್ನನ್ನೂ ಮೂರು ಸಲ ಅದಲುಬದಲು ನೋಡಿ, ಪಕ್ಕದ ಹುಡುಗಿಯನ್ನು ಇವಳು ಇವಳೇನಾ ಎಂದು ಕೇಳಿದರು. ಅವಳು ಸ್ವಲ್ಪ ಯೋಚನೆ ಮಾಡಿ ಹೌದು ಅಂದಳು. ಆ ಯೋಚನೆ ಮಾಡಿದಷ್ಟು ಹೊತ್ತು ನನಗೆ ಇವತ್ತಿಗೂ ನೆನಪಿದೆ. ಇಷ್ಟು ನೆನಪಿದ್ದವಳು ಮುಂದೆ ಮಾಡಿದ್ದೇನು ಎಂದರೆ, ಅದೇ ಪೌಡರ್ ಡಬ್ಬಿಯ ಉಸ್ತುವಾರಿ.

ನ್ಯೂಸ್‌ಪ್ರಿಂಟ್ ಕಾಗದ ಮಸಿ ಹೀರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಚೆನ್ನಾಗಿ ಕಾಣುವ ಕಂದು ಮುಖ ಬೆಳಿಗ್ಗೆ ಪೇಪರಿನಲ್ಲಿ ಕಪ್ಪು ಮುದ್ದೆಯಾಗಿ ಬರುತ್ತದೆ. ಅದಕ್ಕೆ ಡೆಸ್ಕಿನಲ್ಲಿ ನಾವು ‘ಮುಖ ಎತ್ತು’ ಅನ್ನುತ್ತೇವೆ. ಪುಟ ಕಟ್ಟುವ ನವೀನ ಮೌಸಿನಿಂದ ಒಂದು ಗೀಟನ್ನು ಬಲಕ್ಕೆ ಎಳೆದರೆ ಮುಖ ಬೆಳ್ಳಗಾಗುತ್ತದೆ. ಇದರಲ್ಲಿ ದುರುದ್ದೇಶ ಏನೂ ಇಲ್ಲ. ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಹೇಳಿದ್ದೇನೆ, ಟೀಗೆ ಸಕ್ಕರೆ ಹಾಕು ಅಂದಷ್ಟು ಸಲೀಸಾಗಿ.

ಹೋದ ವರ್ಷ ಪವಿತ್ರ ತಾಲ್ಲೂಕು ಮಟ್ಟದ ಗಾಯನದಲ್ಲಿ ಮೊದಲ ಬಹುಮಾನ ಪಡೆದಳು. ಸಂಬಂಧಿಕಳೆಂದು ನಾನೇನೂ ದೊಡ್ಡದು ಮಾಡಲಿಲ್ಲ, ಎಲ್ಲ ವಿಜೇತರಿಗೂ ಹಾಕುವ ಹಾಗೆ ಒಂದು ಕಾಲಂ ಫೋಟೋ. ಪುಟ ಬಿಡುವ ಮುಂಚೆ ನೋಡಿದೆ. ಅಕ್ಕನಿಗೆ ಖುಷಿಯಾಗಲಿ ಅನ್ನಿಸಿತು. ಇನ್ನೂ ಸ್ವಲ್ಪ ಎತ್ತು ಅಂದೆ. ನವೀನ ಎತ್ತಿದ.

ಆಮೇಲೆ ಆ ಹಾಡು ಬಂತು. ನೀವೂ ಕೇಳಿರುತ್ತೀರಿ, ಅದನ್ನೋ ಅದರಂಥದ್ದನ್ನೋ. ಹುಡುಗಿಯರಿಗಾಗಿಯೇ ಮಾಡಿದ ಹಾಡು. ಕನ್ನಡಿಯನ್ನು ಕೇಳಬೇಡ, ಯಾರ ಒಪ್ಪಿಗೆಗೂ ಕಾಯಬೇಡ, ನೀನಿರುವ ಹಾಗೆಯೇ ನಿನಗೆ ನೀನು ಸಾಕು ಎಂಬ ಅರ್ಥದ್ದು. ಬಂಗಾರಪೇಟೆಯಿಂದ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ ಒಂದೊಂದು ದಿನ ಮೂರು ಮೊಬೈಲುಗಳಲ್ಲಿ ಒಟ್ಟಿಗೆ ಬರುತ್ತಿತ್ತು. ನನ್ನ ಕಾಲದ ಹಾಲು ಬೆಳದಿಂಗಳಿಗಿಂತ ಎಷ್ಟೋ ವಾಸಿ ಎಂದು ಮನಸ್ಸಿನಲ್ಲೇ ಅದಕ್ಕೆ ಪಾಸುಮಾರ್ಕು ಕೊಟ್ಟಿದ್ದೆ. ಒಂದು ದಿನ ಪವಿತ್ರ ವಿಡಿಯೊ ತೋರಿಸಿದಳು. ಹಾಡಿಗೆ ಮುಂಚೆ ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತು, ಐದು ಸೆಕೆಂಡು ಕಾದರೆ ದಾಟಬಹುದು. ಆಮೇಲೆ ಹಾಡುವ ಹುಡುಗಿ ಬಟ್ಟೆಯಿಂದ ಬಣ್ಣ ಒರೆಸಿಕೊಂಡು ತನ್ನ ನಿಜವಾದ ಮುಖ ತೋರಿಸುತ್ತಾಳೆ. ಕಸುಬಿನ ಕಣ್ಣು ನೋಡಿ, ಆ ನಿಜವಾದ ಮುಖವನ್ನೂ ಯಾರೋ ಎತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಹೇಳಲಿಲ್ಲ. ಪವಿತ್ರ ಆಗಲೇ ದುಪಟ್ಟಾ ಮೂಗಿನವರೆಗೆ ಎಳೆದುಕೊಂಡು ಓಡಾಡುತ್ತಿದ್ದಳು. ಬಸ್ಸಿನ ದೂಳು ಅಂದಳು. ನಂಬಿದೆ. ಕೇಳಿದ್ದನ್ನು ಇನ್ನೊಬ್ಬರಲ್ಲಿ ಖಚಿತ ಮಾಡಿಕೋ ಎಂದು ಹೊಸಬರಿಗೆ ಪಾಠ ಹೇಳುವವಳು ನಾನು.

ದುಪಟ್ಟಾದ ಕೆಳಗಿನದು ಗೊತ್ತಾದದ್ದು ಈ ವರ್ಷದ ಹಾಡಿನ ಸ್ಪರ್ಧೆಗೆ ಎರಡು ವಾರ ಇರುವಾಗ. ಕೆನ್ನೆ ಎರಡೂ ಕೆಂಪಾಗಿ, ಸುಲಿದು, ಸೂಕ್ಷ್ಮ ನರಗಳು ಕಾಣುವಷ್ಟು ಚರ್ಮ ತೆಳ್ಳಗಾಗಿತ್ತು. ಅಕ್ಕ ಅವಳನ್ನು ಕೋಲಾರಕ್ಕೆ ಕರೆತಂದಳು, ನಾನೇ ಚರ್ಮದ ಡಾಕ್ಟರ ಹತ್ತಿರ ಕೂರಿಸಿದೆ. ಕಜ್ಜಿಗೆ ಕೆಲವೇ ದಿನ ಹಚ್ಚುವ ಮುಲಾಮನ್ನು ಹುಡುಗಿ ಬೆಳ್ಳಗಾಗಲೆಂದು ಎಂಟು ತಿಂಗಳು ಹಚ್ಚಿದ್ದಳು. ಚೀಟಿಯಿಲ್ಲದೆ ಸಿಕ್ಕುತ್ತಿತ್ತಂತೆ. ಇನ್ನು ಮುಟ್ಟಬಾರದು, ಬಿಟ್ಟ ಮೇಲೆ ಮೊದಲು ಇನ್ನೂ ಕೆಡುತ್ತದೆ, ಆಮೇಲೆ ನಿಧಾನವಾಗಿ ಸರಿಹೋಗುತ್ತದೆ, ಪೌಡರು ಗೀಡರು ಏನೂ ಬೇಡ ಅಂದರು ಡಾಕ್ಟರು. ಯಾಕೆ ಹಚ್ಚಿದೆ ಎಂದು ಎಲ್ಲರೂ ಕೇಳಿದೆವು. ಫ್ರೆಂಡ್ಸ್ ಹಚ್ತಿದ್ದರು ಎಂದಷ್ಟೇ ಹೇಳಿದಳು.

ಬಂಗಾರಪೇಟೆಯಲ್ಲಿ ನಡೆದ ಕಾಲೇಜುಗಳ ಸಮೂಹ ಗಾಯನ ಸ್ಪರ್ಧೆ ಅದು. ಹೆಣ್ಣುಮಕ್ಕಳ ಆತ್ಮವಿಶ್ವಾಸ ಎಂಬುದು ವಿಷಯ. ಅವರ ಲೆಕ್ಚರರು ಆರಿಸಿದ್ದು ಅದೇ ಹಾಡು, ಮುಂದಾಳು ಕಂಠ ಪವಿತ್ರಳದು. ತಂಡದಲ್ಲಿ ಐದು ಜನ. ಸ್ಪರ್ಧೆಯ ದಿನ ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನು ಬಂತು.

“ರೂಮಿನ್ ಬಾಗಿಲ್ ಆಕ್ಕೊಂಡವ್ಳೆ. ಕೂಗಿದ್ರೆ ಮಾತಿಲ್ಲ. ನಿಮ್ ಬಾವ ಬಾಗ್ಲ್ ಮೀಟಕ್ಕೆ ಆರೆ ತತ್ತೀನಿ ಅಂತಾವ್ರೆ. ಬೇಗ್ನೆ ಬಾ.”

ಅಕ್ಕನ ಊರಿಗೆ ಹೋಗುವ ಬೂದಿಕೋಟೆಯ ಬಸ್ಸು ಆ ದಿನ ನಿಂತಷ್ಟು ಸಲ ಯಾವತ್ತೂ ನಿಂತಿಲ್ಲ ಅನ್ನಿಸಿತು. ನಾನು ಸಾಮಾನ್ಯವಾಗಿ ಕೆಟ್ಟದ್ದನ್ನು ಊಹಿಸುವವಳಲ್ಲ. ಆದರೆ ಕೆಟ್ಟ ಸುದ್ದಿಗಳನ್ನು ಎರಡೆರಡು ಪ್ಯಾರಾದಲ್ಲಿ ಮುಗಿಸಿ ಅಭ್ಯಾಸವಾದವಳು. ಆ ಪ್ಯಾರಾಗಳು ತಾವಾಗಿಯೇ ತಲೆಯಲ್ಲಿ ಜೋಡಿಸಿಕೊಳ್ಳುತ್ತಿದ್ದವು. ಹೆಸರು, ವಯಸ್ಸು, ಊರು. ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡು ಕೂತೆ.

ಅಕ್ಕನ ಮನೆ ಊರಿನ ಅಂಚಿನಲ್ಲಿ. ಡೈರಿಗೆ ಹಾಕಬೇಕಾದ ಹಾಲಿನ ಕ್ಯಾನು ಜಗುಲಿಯಲ್ಲೇ ಉಳಿದಿತ್ತು. ಹಾಲು ಹಾಕದೆ ಕೂತ ದಿನ ಆ ಮನೆಯಲ್ಲಿ ಇರಲಿಲ್ಲ. ಬಾವ ಹಾರೆ ಹಿಡಿದುಕೊಂಡು ಬಾಗಿಲ ಮುಂದೆ ನಿಂತಿದ್ದರು. ರಾತ್ರಿಯಿಂದ ಒಳಗೆ ಅದೇ ಹಾಡು ಮತ್ತೆ ಮತ್ತೆ ಕೇಳುತ್ತಿತ್ತಂತೆ, ಬೆಳಗಿನ ಜಾವ ನಿಂತುಹೋಯಿತಂತೆ. ಅಕ್ಕನಿಗೆ ಭಯ ಹುಟ್ಟಿಸಿದ್ದು ಹಾಡಲ್ಲ, ಹಾಡು ನಿಂತದ್ದು.

“ಊರೋರ್ನೆಲ್ಲ ಮಾತಾಡಿಸ್ತೀಯಲ್ಲ ಪೇಪರ್ನೋಳು,” ಅಂದಳು ಅಕ್ಕ. “ಇವ್ಳ್ನ ಮಾತಾಡ್ಸು.”

ನಾನು ಬಾಗಿಲ ಪಕ್ಕ ನೆಲದ ಮೇಲೆ ಕೂತೆ. “ಪವಿತ್ರಾ, ನಾನು ಕಣೇ. ಮಾತಾಡ್ಬೇಕು ಅಂತೇನಿಲ್ಲ. ಇದೀನಿ ಅಂತ ಒಂದ್ಸಲ ಬಾಗಿಲು ತಟ್ಟು.”

ಒಳಗಿನಿಂದ ಏನೂ ಇಲ್ಲ. ಬಾವ ಹಾರೆಯನ್ನು ಕೈಯಿಂದ ಕೈಗೆ ಬದಲಾಯಿಸಿದರು. ಕೊಟ್ಟಿಗೆಯಲ್ಲಿ ಹಸುವೊಂದು ಸರಪಳಿ ಎಳೆದಾಡಿತು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಗಡಿಯಾರ ನೋಡುವುದು ನನ್ನ ಕೆಲಸ, ಆಗ ನೋಡಲಿಲ್ಲ. ಆಮೇಲೆ ಬಾಗಿಲಿನ ಕೆಳಭಾಗದಲ್ಲಿ, ನನ್ನ ಭುಜದ ಎತ್ತರದಲ್ಲೇ, ಒಂದು ಸಲ ತಟ್ಟಿದ ಸದ್ದಾಯಿತು. ಅವಳೂ ಆಚೆಕಡೆ ನೆಲದ ಮೇಲೆಯೇ ಕೂತಿದ್ದಳು.

“ಅಪ್ಪಂಗೆ ಆರೆ ಕೊಟ್ಟಿಗೇಲಿ ಮಡಗಕ್ಕೇಳು,” ಅಂದಿತು ಒಳಗಿನ ದನಿ. “ಆಮೇಲೆ ನೀನೊಬ್ಳೇ ಬಾ.”

ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. ನಾನು ಒಳಗೆ ಹೋದೆ.

ಡಾಕ್ಟರು ಹೇಳಿದ್ದು ನಿಜವಾಗಿತ್ತು, ಬಿಟ್ಟ ಮೇಲೆ ಇನ್ನೂ ಕೆಟ್ಟಿತ್ತು. ಮೂಗಿನ ಎರಡೂ ಬದಿಗೆ ಸಿಪ್ಪೆ ಎದ್ದಿತ್ತು. ಗಲ್ಲದ ಮೇಲೆ ಸಣ್ಣ ಕೆಂಪು ಗುಳ್ಳೆ. ಕೆನ್ನೆ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಮಂಚದ ಮೇಲೆ ಹಿಂಡಿ ಮುಗಿಸಿದ ಟ್ಯೂಬುಗಳು ಬುಡದಿಂದ ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಅವಳು ಬಾಗಿಲು ಮುಚ್ಚಿದಳು. ಆಗ ಬಾಗಿಲಿನ ಒಳಮೈ ಕಾಣಿಸಿತು. ಅಲ್ಲಿ, ಅವಳ ಕಣ್ಣಿನ ಎತ್ತರಕ್ಕೆ ಸರಿಯಾಗಿ, ನಮ್ಮ ಪೇಪರಿನ ತುಂಡು ಅಂಟಿಸಿತ್ತು. ಒಂದು ಕಾಲಂ ಫೋಟೋ.

ಅವಳು ಹೇಳಿದ್ದನ್ನು ನಾನು ಕೇಳಿಸಿಕೊಂಡ ಕ್ರಮದಲ್ಲೇ ಬರೆಯುತ್ತೇನೆ. ಆ ಫೋಟೋ ಬಂದ ದಿನ ಕಾಲೇಜಿನ ನೋಟಿಸ್ ಬೋರ್ಡಿಗೆ ಪೇಪರು ಅಂಟಿಸಿದ್ದರಂತೆ. ಹುಡುಗರು ಅವಳನ್ನು ಪಕ್ಕಕ್ಕೆ ನಿಲ್ಲಿಸಿ, ನಿನ್ನ ಬದಲು ಹಾಡೋಕೆ ಯಾರನ್ನು ಕಳಿಸಿದ್ದೆ ಎಂದು ಕೇಳಿದರಂತೆ. ಅವಳೂ ನಕ್ಕಳಂತೆ. ಮರುದಿನ ಬೇರೆ ಸೆಕ್ಷನ್ನಿನವರು ಬಂದು ಕೇಳಿದರಂತೆ. ನಗುತ್ತಾ ನಗುತ್ತಾ ಒಂದು ವಾರವಾದ ಮೇಲೆ ಟ್ಯೂಬು ಕೊಂಡಳಂತೆ.

“ಫೋಟೋದಾಗಿರೋ ಅವ್ಳಂಗೆ ಆಗ್ಬೇಕು ಅಂತಲ್ಲ ಚಿಕ್ಕಮ್ಮ,” ಅಂದಳು. “ಅವ್ಳು ನಾನೇ ಅಂತ ನಂಬ್ಲಿ ಅಂತ.”

ಆ ಹಾಡನ್ನು ಹಾಕಿಕೊಂಡೇ ಹಚ್ಚಿಕೊಳ್ಳುತ್ತಿದ್ದಳಂತೆ. ನೀನು ಸಾಕು ನೀನು ಸಾಕು ಅಂತಾಳೆ, ಯಾವ ನಾನು ಅಂತ ಹೇಳಲ್ಲ ಅಂದಳು. ಅವಳು ಬಾಗಿಲಿನ ಫೋಟೋ ಕಡೆ ನೋಡಿದಳು.

“ನಿಮ್ ಕಂಪ್ಯೂಟ್ರೇ ಅಂಗ್ ಮಾಡ್ಬಿಡ್ತದಾ?”

ಹೌದು ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಅಕ್ಕ, ಬಾವ, ಯಾರಿಗೂ ಗೊತ್ತಾಗುವ ವಿಷಯವಲ್ಲ, ನವೀನ ನೆನಪಿಟ್ಟಿರಲೂ ಇಲ್ಲ. ಕಂಪ್ಯೂಟರಿಗಂತೂ ಬೇಸರವಾಗುವುದಿಲ್ಲ. ಬಾಯಿ ಹೌದು ಅನ್ನಲು ಅರ್ಧ ತೆರೆದಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

“ಕಂಪ್ಯೂಟರಲ್ಲ,” ಅಂದೆ. “ನಾನು ಮಾಡ್ಸಿದ್ದು.”

ಅವಳು ಅರ್ಥವಾಗದವಳಂತೆ ನೋಡಿದಳು. ಕಾಗದ, ಮಸಿ, ಮುದ್ದೆ, ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

“ಎಲ್ರುದ್ದೂ ಮಾಡ್ತೀರಾ?”

“ಇಲ್ಲ.”

“ಮತ್ಯಾರ್ದು?”

“ಕಪ್ಪಗಿರೋರ್ದು.”

ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ನಾನು ಅದಕ್ಕೆ ಮುಂಚೆ ಒಂದೇ ಮಾತಿನಲ್ಲಿ ಹೇಳಿರಲಿಲ್ಲ. ಅವಳ ಕಣ್ಣು ತುಂಬಲಿಲ್ಲ, ತುಂಬಿದ್ದರೆ ನನಗೆ ಸುಲಭವಾಗುತ್ತಿತ್ತು.

“ಆಚೆ ಓಗು ಚಿಕ್ಕಮ್ಮ,” ಅಂದಳು.

ಜಗುಲಿಯಲ್ಲಿ ಅಕ್ಕನಿಗೂ ಹೇಳಿದೆ. ಒಂದೇ ದಿನದಲ್ಲಿ ಎರಡು ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟ. ಅಕ್ಕ ಬೈಯುತ್ತಾಳೆ ಎಂದು ಕಾದೆ. ಅವಳು ಸೆರಗಿನಿಂದ ಕ್ಯಾನಿನ ಮುಚ್ಚಳ ಒರೆಸುತ್ತಾ, “ಆ ಫೋಟೋ ನಾನು ಊರೆಲ್ಲ ತೋರ್ಸ್ಕೊಂಡ್ ಬಂದೆ ಕಣೇ,” ಅಂದಳು. “ನೋಡಿ ಎಂಗ್ ಬಂದವ್ಳೆ ನನ್ ಮಗ್ಳು ಅಂತ. ಅವ್ಳೂ ಜತೇಲೇ ಇದ್ಲು.” ಆಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಒಳಗೆ ಫೋನು ಬಡಿದುಕೊಳ್ಳಲು ಶುರುವಾಯಿತು. ತಂಡದ ಹುಡುಗಿಯರು. ನಿಂತಿತು, ಮತ್ತೆ ಬಡಿಯಿತು. ಬಂಗಾರಪೇಟೆಗೆ ಹೋಗುವ ಬಸ್ಸಿಗೆ ಇನ್ನು ಕಾಲು ಗಂಟೆಯೂ ಇರಲಿಲ್ಲ. ಬಾವ ಒಂದು ಸಲ ನನ್ನನ್ನು, ಒಂದು ಸಲ ರಸ್ತೆಯನ್ನು ನೋಡಿದರು. ಮೂರನೆಯ ಸಲ ಬಡಿದಾಗ ಅವಳು ಎತ್ತಿದಳು, ಏನು ಮಾತಾಡಿದಳೋ ಕೇಳಿಸಲಿಲ್ಲ. ನೀರು ಸುರಿದುಕೊಂಡ ಸದ್ದಾಯಿತು.

ಬಾಗಿಲು ತೆಗೆದು ಬಂದಾಗ ಯೂನಿಫಾರ್ಮಿನಲ್ಲಿದ್ದಳು. ಮುಖಕ್ಕೆ ಏನೂ ಹಚ್ಚಿರಲಿಲ್ಲ, ಹಚ್ಚುವ ಹಾಗೂ ಇರಲಿಲ್ಲ.

“ಐದು ಜನ ಇಲ್ದಿದ್ರೆ ಸೇರ್ಸ್ಕಳಲ್ವಂತೆ,” ಅಂದಳು ಅಮ್ಮನಿಗೆ. “ನನ್ನಿಂದ ಅವ್ರು ನಾಲ್ಕ್ ಜನಾನೂ ಮನೇಗ್ ಓಗೋದ್ ಬ್ಯಾಡ.” ನನ್ನ ಕಡೆ ತಿರುಗಿ, “ನೀನ್ ಬಂದ್ರೆ ಬಾ. ಫೋಟೋ ಮಾತ್ರ ತೆಗೀಬ್ಯಾಡ.”

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ದುಪಟ್ಟಾ ಮೂಗಿನವರೆಗೆ ಬಂದಿತ್ತು. ಹಾಡು ಅಭ್ಯಾಸ ಮಾಡಲು ಇಯರ್‌ಫೋನ್ ತೆಗೆದು ಬಲಗಿವಿಯನ್ನು ತಾನಿಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಮುಖ ನೋಡದೆಯೇ, ಕೆಟ್ಟುಹೋದ ಎಡಗಿವಿಯನ್ನು ನನ್ನ ಕಡೆಗೆ ಚಾಚಿದಳು. ತೆಗೆದುಕೊಂಡು ಕಿವಿಗೆ ಇಟ್ಟುಕೊಂಡೆ. ಬಂಗಾರಪೇಟೆ ಬರುವವರೆಗೂ ಏನೂ ಕೇಳಿಸದ್ದನ್ನು ಕೇಳುತ್ತಾ ಕೂತಿದ್ದೆ.

ಸಭಾಂಗಣದಲ್ಲಿ ಅವರದು ಆರನೆಯ ತಂಡ. ಮೊದಲ ಐದು ತಂಡಗಳ ಹಾಡು ನನ್ನ ನೆನಪಿನಲ್ಲಿಲ್ಲ. ಆರನೆಯ ನಂಬರು ಕರೆದಾಗ ಇಯರ್‌ಫೋನನ್ನು ನನ್ನ ಕೈಗೆ ತುರುಕಿದಳು. ಮೈಕು ಗಲ್ಲದ ಹತ್ತಿರ ಬರಬೇಕು, ದುಪಟ್ಟಾ ಇಳಿಸದೆ ಆಗುವುದಿಲ್ಲ. ಇಳಿಸಿದಳು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ಅಂದರು, ಇನ್ಯಾರೋ ಏನಾಗಿದೆ ಅದಕ್ಕೆ ಎಂದು ಕೇಳಿದರು. ಸ್ಟೇಜಿನ ಮೇಲಿರುವವರಿಗೆ ಅಂಥ ಪಿಸುಮಾತು ಚೆನ್ನಾಗಿ ಕೇಳಿಸುತ್ತದೆ. ಹಾಡು ಶುರುವಾಯಿತು. ಕನ್ನಡಿಯ ಸಾಲು ಬಂದಾಗ ಅವಳ ದನಿ ಒಡೆದು ನಿಂತಿತು. ನಾಲ್ವರೂ ತಿರುಗಿ ನೋಡದೆ ಆ ಸಾಲನ್ನು ಎತ್ತಿಕೊಂಡು ಮುಂದೆ ಹೋದರು. ಒಂದು ಸಾಲು ಹೋಯಿತು, ಎರಡು ಹೋಯಿತು. ವೈರು ನನ್ನ ಬೆರಳುಗಳನ್ನು ಕತ್ತರಿಸುವ ಹಾಗೆ ಸುತ್ತಿಕೊಂಡಿದ್ದೆ. ಮೂರನೆಯ ಸಾಲಿಗೆ ಅವಳು ಬಂದಳು, ಒಂದು ಸ್ಥಾಯಿ ಮೇಲೆ, ಬಾಯಿ ಪೂರ್ತಿ ತೆರೆದು. ಅವರಿಗೆ ಎರಡನೇ ಬಹುಮಾನ ಬಂತು. ಆ ಒಂದು ನಿಲುಗಡೆಗೆ ಅಂಕ ಕಳೆದರು, ಅದು ನ್ಯಾಯವೇ.

ನಾನು ಫೋಟೋ ತೆಗೆಯಲಿಲ್ಲ. ಆದರೆ ನಮ್ಮ ಫೋಟೋಗ್ರಾಫರ್ ತನ್ನ ಕೆಲಸ ಮಾಡಿದ್ದ. ಸಂಜೆ ಐದಕ್ಕೆ ಡೆಸ್ಕಿನಲ್ಲಿ ನವೀನನ ಪರದೆಯ ಮೇಲೆ ಐವರು ಹುಡುಗಿಯರು ಹಾಡುತ್ತಿದ್ದರು. ನಡುವಿನವಳ ಮೇಲೆ ಬೆಳಕು ಕಡಿಮೆಯಿತ್ತು. ನವೀನನ ಕೈ ಆಗಲೇ ಮೌಸಿನ ಮೇಲಿತ್ತು.

“ಮಧ್ಯದವಳನ್ನ ಎತ್ತಲಾ ಮೇಡಂ? ಮುಖ ಬೇರೆ ಒಂಥರಾ ಇದೆ, ಒರೆಸಿಬಿಡ್ತೀನಿ.”

ತಾಳು ಅಂದೆ. ಸುದ್ದಿಯಲ್ಲಿ ಬರುವವರಿಗೆ ಫೋನು ಮಾಡಿ ನಿಮ್ಮ ಮುಖ ಹಾಕಲೇ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮಾಡಿದೆ. ತೆಗೆದದ್ದು ನಾನಲ್ಲ, ಆದರೆ ಹಾಕುವುದು ಬಿಡುವುದು ನನ್ನ ಕೈಲಿದೆ, ಬೇಡ ಅಂದರೆ ಇಲ್ಲಿಗೇ ನಿಲ್ಲುತ್ತದೆ ಅಂದೆ. ಆ ಕಡೆಯಿಂದ ಹಸುವಿನ ಸರಪಳಿ ಸದ್ದು ಮಾತ್ರ ಕೇಳಿಸುತ್ತಿತ್ತು. ನವೀನ ಗಡಿಯಾರ ನೋಡಿದ.

“ಎತ್ತಿದೀರಾ?” ಅಂದಳು ಕೊನೆಗೆ.

“ಇಲ್ಲ.”

“ಎತ್ತಬ್ಯಾಡಿ. ಅಂಗೇ ಆಕಿ.”

ಮಾರನೇ ಬೆಳಿಗ್ಗೆ ಪೇಪರನ್ನು ನಾನೇ ತೆಗೆದುಕೊಂಡು ಹೋದೆ. ಕಾಗದ ತನ್ನ ಗುಣ ಬಿಟ್ಟಿರಲಿಲ್ಲ. ನಾಲ್ವರು ಸ್ಪಷ್ಟವಾಗಿದ್ದರು, ನಡುವಿನವಳು ಮಸಿಯಲ್ಲಿ ಮುಳುಗಿದ್ದಳು. ಕಣ್ಣು ಇರಬೇಕಾದ ಕಡೆ ಎರಡು ಚುಕ್ಕೆ, ಕೆನ್ನೆಯ ಗಾಯ ಕಲೆ ಏನೂ ಇಲ್ಲ, ಕೆಳಗೆ ದೊಡ್ಡದಾಗಿ ತೆರೆದ ಬಾಯಿ, ಅದರಲ್ಲಿ ಹಲ್ಲಿನ ಒಂದು ಬಿಳಿ ಸಾಲು. ಅಕ್ಕ ಪೇಪರನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

“ಏನೇ ಇದು, ಮಸಿ ಮೆತ್ತ್‌ದಂಗೈತೆ. ನಮ್ ಪವಿತ್ರ ಯಾರು ಇದ್ರಾಗೆ?”

ಪವಿತ್ರ ಅಮ್ಮನ ಭುಜದ ಮೇಲಿನಿಂದ ಬಗ್ಗಿ ನೋಡಿದಳು. ನಾನು ಹಾಲಿನ ಕ್ಯಾನನ್ನೇ ನೋಡುತ್ತಾ ನಿಂತಿದ್ದೆ. ಅವಳು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಬೆರಳಿಟ್ಟು ತೋರಿಸಿದಳು.

“ಬಾಯಿ ನಂದೇ ಬುಡಮ್ಮ,” ಅಂದು, ಗೋಂದು ಹುಡುಕಲು ಒಳಗೆ ಹೋದಳು.